ಕರಿಬೇವಿನ ಬುಡದಲ್ಲಿ ನಾಲ್ಕು ಸರಳು

ನೆಲಕ್ಕೆ ಕರೆಂಟು ಕೊಟ್ಟು ನೀರು ಹುಡುಕುವುದು ನನ್ನ ಹೊಟ್ಟೆಪಾಡು. ನಾಲ್ಕು ಉಕ್ಕಿನ ಸರಳುಗಳನ್ನು ಸಾಲಾಗಿ ಹೊಡೆದು, ಹೊರಗಿನ ಎರಡರಿಂದ ಕರೆಂಟು ಹರಿಸಿ, ಒಳಗಿನ ಎರಡರ ನಡುವೆ ವೋಲ್ಟೇಜ್ ಅಳೆಯುತ್ತೇವೆ. ಕರೆಂಟು ಸಲೀಸಾಗಿ ಹರಿದರೆ ಮಣ್ಣಿನಲ್ಲಿ ನೀರಿದೆ ಎಂದು ಅರ್ಥ. ಒಣನೆಲದಲ್ಲಿ ಅದು ಒಳಗಿಳಿಯಲು ಸತಾಯಿಸುತ್ತದೆ. ಆಗ ಸರಳಿನ ಬುಡಕ್ಕೆ ಒಂದಿಷ್ಟು ಉಪ್ಪುನೀರು ಸುರಿಯುತ್ತೇವೆ. ಬೇಸಿಗೆಯಲ್ಲಿ ಊರಂಚಿನ ವಟ್ವಾ ಕಡೆ ಕೆಲಸವಿದ್ದರೆ ಉಪ್ಪುನೀರಿನ ಕ್ಯಾನು ಇಲ್ಲದೆ ನಾನು ಗಾಡಿ ಹತ್ತಿದವನಲ್ಲ.

ಊರಿನ ಇನ್ನೊಂದು ಅಂಚಿನ ಬೋಪಾಲ್ ಬಡಾವಣೆಯಲ್ಲಿ ನಮ್ಮದು ನೆಲಮಹಡಿಯ ಬಾಡಿಗೆ ಫ್ಲಾಟು. ಹಿಂದೆ ನಾಲ್ಕು ಹೆಜ್ಜೆಯಷ್ಟು ಮಣ್ಣು. ಅಲ್ಲಿ ಹೆಂಡತಿ ಕರಿಬೇವು ನೆಟ್ಟಿದ್ದಳು. ಇಲ್ಲಿ ತರಕಾರಿಯವರು ಮೀಠೋ ಲೀಮಡೋ ಎಂದು ಬಿಟ್ಟಿಯಾಗಿ ಕೊಡುವ ಸೊಪ್ಪೇ ಅದು. ಆದರೆ ಇದು ಅವಳ ಅಮ್ಮ ತುಮಕೂರಿನ ಹಿತ್ತಲಿನಿಂದ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟ ಸಸಿ. ಅಮ್ಮ ತೀರಿಕೊಂಡ ಮೇಲೆ ಆ ಮನೆಯನ್ನೂ ಮಾರಿದರು. ತವರು ಎಂದು ಅವಳಿಗೆ ಉಳಿದದ್ದು ಸೊಂಟದೆತ್ತರದ ಆ ಗಿಡ ಒಂದೇ.

ಹೋದ ವರ್ಷದ ಬೇಸಿಗೆಯಲ್ಲಿ ಎಲೆ ಹಳದಿಯಾಗತೊಡಗಿತು. ನೀರು ಹೆಚ್ಚಾಗಿ ಬೇರು ಕೊಳೆಯುತ್ತಿದೆ ಎಂದೆ. ಅವಳು ಮಣ್ಣಿಗೆ ಬೆರಳು ಚುಚ್ಚಿ ನೋಡಿದಳು.

"ಒಣಗಿದೆ ಕಣ್ರೀ."

"ಬೆರಳಿಗೇನು ಗೊತ್ತಾಗುತ್ತೆ? ಇರು, ಅಳೆದೇ ಹೇಳ್ತೀನಿ."

ಆ ಭಾನುವಾರ ಗಿಡದ ಬುಡದಲ್ಲಿ ಚಿಕ್ಕ ಸರಳುಗಳನ್ನು ಹೊಡೆದು, ಕೈರೂಢಿಯಂತೆ ಉಪ್ಪುನೀರು ಸುರಿದೆ. ಕರೆಂಟು ಸರಾಗವಾಗಿ ಹರಿಯಿತು. "ಬೇಕಾದಷ್ಟು ನೀರಿದೆ, ಹಾಕಬೇಡ," ಎಂದು ಅಪ್ಪಣೆ ಕೊಟ್ಟೆ. ವಾರವಾರವೂ ಇದೇ ನಡೆಯಿತು. ಮೀಟರು ಇನ್ನಷ್ಟು ನೀರು ತೋರಿಸುತ್ತಿತ್ತು, ಗಿಡ ಇನ್ನಷ್ಟು ಎಲೆ ಉದುರಿಸುತ್ತಿತ್ತು. ಅವಳು ಬಕೆಟ್ಟು ಹಿಡಿದು ಬಂದಾಗಲೆಲ್ಲ ತಡೆದೆ. ಇಷ್ಟು ವರ್ಷ ಇದೇ ಕೆಲಸ ಮಾಡಿದವನು ಎಂಬ ಜಂಬ ಬೇರೆ.

ಗಿಡ ಸತ್ತ ಮೇಲೆ ಅಗೆದು ನೋಡಿದೆ. ಮಣ್ಣು ಒಣಗಿ ಪುಡಿಯಾಗಿತ್ತು. ಸರಳು ಹೊಡೆದ ಕಡೆಯೆಲ್ಲ ಬಿಳಿ ಉಪ್ಪು ಕಟ್ಟಿತ್ತು. ಮೀಟರು ಇಷ್ಟು ದಿನ ತೋರಿಸಿದ್ದು ನೀರನ್ನಲ್ಲ, ನಾನೇ ಸುರಿದ ಉಪ್ಪನ್ನು. ಬಯಲಿನಲ್ಲಿ ಒಮ್ಮೆ ಅಳೆದು ಎದ್ದುಬರುತ್ತೇವೆ, ಆಮೇಲೆ ಅಲ್ಲಿ ಏನಾಯಿತೆಂದು ತಿರುಗಿ ನೋಡುವುದಿಲ್ಲ. ನಾಚಿಕೆಯಿಂದ ಹಿಡಿಯಷ್ಟಾದೆ. ಅವಳು ಹೊರಗೆ ಬರುವ ಮೊದಲೇ ಗುಂಡಿ ಮುಚ್ಚಿದೆ.

ಸಂಜೆ ಅವಳು ತನ್ನ ಅಕ್ಕನಿಗೆ ಫೋನು ಮಾಡಿದಳು.

"ಅಮ್ಮ ಕೊಟ್ಟ ಗಿಡ ಹೋಯ್ತು ಅಕ್ಕ. ಪಾಪ, ಇವರು ವಾರವಾರ ಕೂತು ಅಳೆದು ನೋಡಿದ್ರು. ನನ್ನ ಕೈಗುಣಾನೇ ಸರಿ ಇಲ್ಲ."

ನಾನು ಎದುರಿಗೇ ಕೂತಿದ್ದೆ. ಉಪ್ಪಿನ ವಿಷಯ ಇವತ್ತಿನವರೆಗೂ ಹೇಳಿಲ್ಲ. ಈಗ ಯಾರಾದರೂ ಸಸಿ ಕೊಟ್ಟರೆ ಅವಳು ಮುಟ್ಟುವುದಿಲ್ಲ, ತಂದು ನನ್ನ ಕೈಗಿಡುತ್ತಾಳೆ.

"ನೀವೇ ನೆಡಿ," ಅನ್ನುತ್ತಾಳೆ. "ನಿಮ್ಮ ಕೈಯಲ್ಲಾದ್ರೆ ಬದುಕುತ್ತೆ."