ಅತ್ತೆಯ ಗೋಣಿತಾಟಿನ ವಿಮಾನಗಳು

ಯುದ್ಧದ ಚರಿತ್ರೆ ಬರೆಯುವವರಿಗೆ ದಳಪತಿಗಳ ಮೀಸೆ ಕಾಣುತ್ತದೆ, ನನ್ನ ಸೋದರತ್ತೆಯ ಬಣ್ಣದ ಡಬ್ಬ ಕಾಣುವುದಿಲ್ಲ. ಮೈ ಉರಿಯುತ್ತದೆ.

ಅತ್ತೆ ನಾಟಕ ಕಂಪನಿಗೆ ಪರದೆ ಬರೆಯುವವಳು. ಮಾವ ವಿಮಾನ ನಿಲ್ದಾಣದಲ್ಲಿ ಎಂಜಿನ್ ಫಿಟ್ಟರ್. ಯುದ್ಧ ಶುರುವಾದಾಗ ವೈರಿಗಳ ಕಣ್ಣು ಮೊದಲು ಬಿದ್ದದ್ದೇ ಆ ನಿಲ್ದಾಣದ ಮೇಲೆ. ಆದರೆ ಅವರು ಬರಬೇಕಾದದ್ದು ಬಹುದೂರದಿಂದ. ಟ್ಯಾಂಕಿನಲ್ಲಿ ಹೋಗಿಬರುವಷ್ಟೇ ಇಂಧನ. ಸುತ್ತು ಹಾಕಿ ನೋಡಲು ಪುರಸೊತ್ತಿಲ್ಲ. ಮೊದಲೇ ಬೇರೊಂದು ವಿಮಾನ ತೆಗೆದ ಫೋಟೋ ನಂಬಿ ಬಾಂಬು ಸುರಿದು ಓಡಬೇಕು. ಹಾಗಾದರೆ ಫೋಟೋಗೇ ಟೋಪಿ ಹಾಕೋಣ ಎಂದು ನಮ್ಮ ಸೇನೆಯವರು ನಿಜವಾದ ನಿಲ್ದಾಣವನ್ನು ಬಲೆ ಹೊದಿಸಿ ಮರೆಮಾಡಿ, ಊರಾಚೆಯ ಬಂಜರಿನಲ್ಲಿ ಸುಳ್ಳು ನಿಲ್ದಾಣ ಕಟ್ಟಲು ಅತ್ತೆಯನ್ನು ಕರೆಸಿದರು.

ಅತ್ತೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಳಗಿನಿಂದಲೇ ಗೋಣಿತಾಟಿನ ವಿಮಾನಗಳನ್ನು ನೆಲಕ್ಕೆ ಹಾಸಿ, ಬಣ್ಣ ಬಳಿದು, ಪಕ್ಕದಲ್ಲೇ ಕಪ್ಪು ನೆರಳನ್ನೂ ಬರೆದಳು, ಪರದೆಯ ಮೇಲಿನ ಅರಮನೆಗೆ ಬರೆಯುವಂತೆ. ಅಧಿಕಾರಿ "ಏನು ಜೀವಕಳೆ!" ಎಂದು ತಲೆದೂಗಿದ.

ಸಂಜೆ ಸೈಕಲ್ಲಿನಲ್ಲಿ ಬಂದ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ.

"ಲೇ, ಸೂರ್ಯ ಇರೋ ಕಡೆಗೇ ನೆರಳು ಬಿದ್ದಿದೆಯಲ್ಲೇ! ನಿನ್ನ ಪರದೇಲಿ ಅವನಿಗೆ ಮೊಳೆ ಹೊಡೆದಿರ್ತೀಯ. ಇಲ್ಲಿ ಅವನು ನಡೀತಾನೆ ಕಣೇ!"

"ಅವರ ಫೋಟೋ ವಿಮಾನ ಇದನ್ನ ನೋಡಿದ್ರೆ?"

"ಸುಳ್ಳು ಅಂತ ಗೊತ್ತಾಗುತ್ತೆ. ಬಾಂಬು ನೇರ ನನ್ನ ತಲೆಗೆ."

"ಬಿಡ್ತು ಅನ್ನಿ! ನಗ್ತಾ ಹೇಳೋ ಮಾತೇನ್ರೀ ಅದು?"

ಇಬ್ಬರೂ ಮಣ್ಣೆರಚಿ ನೆರಳು ಅಳಿಸಿದರು. ವಿಮಾನಗಳನ್ನು ಮರದ ಕಾಲುಗಳ ಮೇಲೆ ಎತ್ತಿ ನಿಲ್ಲಿಸಿದರು. ಇನ್ನು ನೆರಳಿನ ಕೆಲಸ ಸೂರ್ಯನದೇ. ಗಾಳಿಗೆ ಒಂದು ರೆಕ್ಕೆ ಕಿತ್ತು ಹಾರಿತು. ಮಾವ ಅದರ ಹಿಂದೆ ಬಂಜರೆಲ್ಲ ಓಡಿದ. "ನಿಮಗಿಂತ ಅದೇ ಚೆನ್ನಾಗಿ ಹಾರುತ್ತೆ ಬಿಡಿ!" ಎಂದು ಅತ್ತೆ ಕೂಗಿದಳು.

ಆ ವಾರವೇ ಒಂದು ಬೆಳಗ್ಗೆ, ಮಾವ ಕೆಲಸದಲ್ಲಿದ್ದಾಗ, ಸೈರನ್ ಕೂಗಿತು. ಬೀದಿಯವರೆಲ್ಲ ನೆಲಮಾಳಿಗೆಗೆ ಇಳಿದರೆ ಅತ್ತೆ ಮಾಳಿಗೆ ಹತ್ತಿದಳು. ಢಂ, ಢಂ! ಬಂಜರಿನಿಂದ ಹೊಗೆ ಎದ್ದಿತು.

"ಸುಟ್ರು ಕಣ್ರೋ! ನನ್ನ ವಿಮಾನ ಎಲ್ಲಾ ಸುಟ್ಟುಹಾಕಿದ್ರು!" ಎಂದು ಕುಣಿದಳು.

"ಇವಳಿಗೆ ತಲೆ ಕೆಟ್ಟಿದೆ, ಯಾರಾದ್ರೂ ಹಿಡ್ಕೊಳ್ರಪ್ಪಾ," ಎಂದಳು ನೆಲಮಾಳಿಗೆಯ ಬಾಗಿಲಿನಿಂದ ಇಣುಕಿದ ಪಕ್ಕದ ಮನೆಯವಳು.

ಅಷ್ಟರಲ್ಲಿ ನಿಲ್ದಾಣದ ಕಡೆಯಿಂದಲೂ ಒಂದು ಸದ್ದು. ಅತ್ತೆಯ ಕುಣಿತ ನಿಂತಿತು.

ವೈರಿಗಳ ಎಷ್ಟೋ ಕಾರ್ಖಾನೆಗಳ ಬೆವರು ಅಂದು ಗೋಣಿತಾಟು ಸುಡಲು ಬಂದಿತ್ತು. ಭೂಮಿಯ ಯುದ್ಧಗಳೆಲ್ಲ ಗೋಣಿತಾಟಿನ ಮೇಲೇ ನಡೆಯಲಿ, ನನ್ನ ತಕರಾರಿಲ್ಲ. ಪದಕ ಮಾತ್ರ ಆ ತಲೆದೂಗಿದವನ ಎದೆಗೇರಿತು!

ಮಧ್ಯಾಹ್ನ ಇಳಿದ ಮೇಲೆ ಅಂಗಳದಲ್ಲಿ ಸೈಕಲ್ ಗಂಟೆ.

"ಒಂದು ಬಾಂಬು ದಾರಿ ತಪ್ಪಿ ನಮ್ಮ ಕಡೆ ಬಂತು. ಖಾಲಿ ಶೆಡ್ಡು ಹೋಯ್ತು, ಅಷ್ಟೇ," ಎಂದ ಮಾವ.

ಅತ್ತೆ ಅವನ ಮುಖ ನೋಡಲಿಲ್ಲ. ನೆಲದ ಮೇಲೆ ಬಿದ್ದ ಅವನ ನೆರಳು ನೋಡಿದಳು. "ಒಂಚೂರು ನಡೀರಿ."

ಮಾವ ನಡೆದ. ನೆರಳೂ ನಡೆಯಿತು. ಅತ್ತೆ ನಗತೊಡಗಿದಳು.