ಎಂಟಾದ ಮೇಲೆ ಒಂಬತ್ತು

ಭೀಮರಾಯನಗುಡಿಯಲ್ಲಿ ನಮ್ಮ ಪಕ್ಕದ ಮನೆಯ ಚನ್ನಯ್ಯ ಮಾಸ್ತರರು ಹೈಸ್ಕೂಲಿಗೆ ಗಣಿತ ಕಲಿಸುವವರು. ಮದುವೆಯ ಪಂಕ್ತಿಯಲ್ಲಿ ಕೂತರೂ ಪಕ್ಕದವರಿಗೆ, “ಎಂಟನೇ ಕ್ಲಾಸಿಂದು ಗಟ್ಟಿ ಆಗ್ಲಾರ್ದ ಒಂಬತ್ತನೇದು ತಲಿಗಿ ಹತ್ತಂಗಿಲ್ರಿ” ಎನ್ನುವರು. ಅವರ ಒಬ್ಬಳೇ ಮಗಳು ಕಸ್ತೂರಿ ಎಂಟನೆಯದು ಪಾಸಾದ ಬೇಸಿಗೆಯಲ್ಲೇ ಜ್ವರದಿಂದ ತೀರಿಕೊಂಡಳು. ಜೂನ್ ಬಂದಾಗ ಮಾಸ್ತರರು ಒಂಬತ್ತನೆಯದರ ಗಣಿತ ಪುಸ್ತಕ ತಂದು, ದಿನಾ ಸಂಜೆ ಪಡಸಾಲೆಯಲ್ಲಿ ಖಾಲಿ ಚಾಪೆಯ ಎದುರು ಕೂತು ಬಹುಪದೋಕ್ತಿ ಕಲಿಸತೊಡಗಿದರು. ಹೆಂಡತಿ ಗೊಲ್ಲಾಳಮ್ಮ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದರು. ಈ ವರ್ಷ ಹತ್ತನೆಯದರ ಪುಸ್ತಕ ಬಂದಿದೆ, ತ್ರಿಕೋನಮಿತಿ ನಡೆದಿದೆ. ನಿನ್ನೆ ಸಂಜೆ ನಾನು ಹೆಪ್ಪಿಗೆ ಮೊಸರು ಕೇಳಲು ಹೋದಾಗ ಮಾಸ್ತರರು ಚಾಪೆಯನ್ನೇ ನೋಡುತ್ತ ಸುಮ್ಮನೆ ಕೂತಿದ್ದರು. ಒಳಗೆ ಕಾಲಿಡುವಷ್ಟರಲ್ಲಿ ಗೊಲ್ಲಾಳಮ್ಮ ನನ್ನ ಕೈ ಹಿಡಿದು ನಿಲ್ಲಿಸಿ, ಮೆಲ್ಲಗೆ ಅಂದರು: “ಚೂರು ತಡೀರಿ, ಕಸ್ತೂರಿ ಲೆಕ್ಕ ಬಿಡಸಾಕತ್ಯಾಳ.”