ಹೇಳದೆ ಎದ್ದು ಬಂದ ಸಂಜೆ

ದೆಹಲಿಗೆ ಬಂದ ಮೊದಲ ದಿನ ಬೆಂಕಿಪೊಟ್ಟಣ ಕೇಳಲು ಎದುರು ಮನೆಯ ಬಾಗಿಲು ತಟ್ಟಿದೆ. ಬಾಗಿಲಿನ ಸಣ್ಣ ಗಾಜಿನಿಂದ ಯಾರೋ ನನ್ನನ್ನು ನೋಡಿದರು. ತೆರೆಯಲಿಲ್ಲ. ನಮ್ಮ ಸೀತೂರಿನಲ್ಲಿ ಬಾಗಿಲು ತಟ್ಟುವ ಅಭ್ಯಾಸವೇ ಇಲ್ಲ. ಅಂಗಳದಿಂದ ಕೂಗುತ್ತಲೇ ಒಳಗೆ ಹೋಗುವುದು.

"ನಿನ್ನ ಮುಖ ನೋಡಿ ಹೆದರಿರಬೇಕು ಮಾರಾಯ್ತಿ" ಎಂದು ನಮ್ಮವರು ನಕ್ಕರು.

ಅವರು ಇಲ್ಲಿನ ಒಂದು ಕ್ಯಾಂಟೀನಿನಲ್ಲಿ ದೋಸೆ ಹಾಕುತ್ತಿದ್ದರು. ನಾನೂ ಹಿಟ್ಟು ರುಬ್ಬಲು ಸೇರಿಕೊಂಡೆ. ಎರಡು ವರ್ಷದಲ್ಲಿ ಹಿಂದಿ ತರಕಾರಿ ಕೊಳ್ಳುವಷ್ಟು ಬಂತು, ಕಷ್ಟಸುಖ ಹೇಳಿಕೊಳ್ಳುವಷ್ಟು ಬರಲಿಲ್ಲ.

ಹೋದ ವರ್ಷ ಕಾಮಾಲೆ ಏರಿ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಸಂಜೆ ಆರಕ್ಕೆ ಗಾರ್ಡ್ ಎಲ್ಲರನ್ನೂ ಹೊರಗೆ ಕಳಿಸುತ್ತಿದ್ದ. ನಾನು ಹೊದಿಕೆ ಸರಿಮಾಡಿ ಸುಮ್ಮನೆ ಎದ್ದು ಬರುತ್ತಿದ್ದೆ. ನಮ್ಮ ಕಡೆ ಸಾವಿನ ಮನೆಯಲ್ಲಿ, ರೋಗಿಯ ಮಂಚದ ಹತ್ತಿರ "ಬರ್ತೀನಿ" ಅನ್ನುವುದಿಲ್ಲ. ಅಂದರೆ ಅದೇ ಕಷ್ಟವನ್ನು ಮತ್ತೆ ಕರೆದಂತೆ. ಹತ್ತನೆಯ ಸಂಜೆ ಅವರು "ಹೊರಟ್ಯಾ?" ಎಂದರು. ಹಣೆ ಒರೆಸಿದೆ. ಹೂಂ ಎಂದೂ ಅನ್ನದೆ ಬಂದುಬಿಟ್ಟೆ. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ತೀರಿಕೊಂಡಿದ್ದರು.

ಮೂರನೆಯ ದಿನ ಅವರ ಕನ್ನಡಕ, ಫ್ಲಾಸ್ಕ್ ತರಲು ವಾರ್ಡಿಗೆ ಹೋದೆ. ಮಾವಿ ಎಂಬ ನರ್ಸ್ ಎತ್ತಿಟ್ಟಿದ್ದಳು. ಮಿಜೋರಾಂನ ಹುಡುಗಿ, ಅವಳದೂ ನನ್ನಂತೆ ಹರಕು ಹಿಂದಿ.

"ದೀದಿ, ಅವರ ಮೇಲೆ ಸಿಟ್ಟಿತ್ತಾ ನಿಮಗೆ? ದಿನಾ ಒಂದು ಮಾತೂ ಆಡದೆ ಹೋಗ್ತಿದ್ರಿ."

ದೀದಿ ಎಂದರೆ ಅಕ್ಕ. ಇಲ್ಲಿ ಗುರುತಿಲ್ಲದವರನ್ನೂ ಹಾಗೇ ಕರೆಯುತ್ತಾರೆ. ತಡವರಿಸುತ್ತ ನಮ್ಮ ಪದ್ಧತಿ ಹೇಳಿದೆ.

"ಅವರೂ ಅದನ್ನೇ ಹೇಳಿದ್ರು, ನಾನು ನಂಬಿರಲಿಲ್ಲ. ಆದ್ರೆ ಕೊನೇ ದಿನ ಕೇಳಿದ್ರು, ಹೋಗುವಾಗ ನಿನ್ನ ಹತ್ರ ಏನಾದ್ರೂ ಹೇಳಿದ್ಲಾ ಅಂತ. ಹೂಂ, ಬೆಳಿಗ್ಗೆ ಬರ್ತಾರಂತೆ ಅಂದೆ. ಸುಳ್ಳು ಹೇಳ್ದೆ ದೀದಿ."

"ಅದಕ್ಕೆ?"

"ನಕ್ಕರು. 'ಅವಳು ಹಾಗೆ ಹೇಳೋಳಲ್ಲ ಬಿಡು' ಅಂದ್ರು."

ಅವರು ನಂಬಲಿಲ್ಲ. ಆದರೂ ಕೇಳಿದ್ದರಲ್ಲ! ಪದ್ಧತಿ ಗೊತ್ತಿದ್ದವರಿಗೂ ಒಂದು ಮಾತು ಬೇಕಿತ್ತು. ಅದೇ ಈಗಲೂ ನನ್ನನ್ನು ಸುಡುತ್ತದೆ. ಬೆಂಚಿನ ಮೇಲೆ ಕೂತು ಅತ್ತೆ. ಮಾವಿ ಪಕ್ಕದಲ್ಲಿ ಕೂತಳು. ಒಳಗಿನಿಂದ ಯಾರೋ ಕರೆದರು. "ಬಂದೆ" ಎಂದಳು, ಏಳಲಿಲ್ಲ. ನಾನು ಊರಿಗೆ ಹೊರಡುವವರೆಗೂ ದಿನಾ ಡ್ಯೂಟಿ ಮುಗಿಸಿ ಅನ್ನ ತಂದುಕೊಟ್ಟಳು.

ಭದ್ರೆಯಲ್ಲಿ ಅಸ್ಥಿ ಬಿಟ್ಟು, ತಿಂಗಳು ಕಳೆದು ಮತ್ತೆ ದೆಹಲಿಗೆ ಹೊರಟಾಗ ಓರಗಿತ್ತಿ ಸರೋಜಕ್ಕ ರೇಗಿದರು. "ಇನ್ನು ಅಲ್ಲಿ ಎಂತ ಇದೆ ನಿಂಗೆ?"

"ಅವರು ಕೊನೆಗೆ ಮಾತಾಡಿದ್ದು ಆ ಹುಡುಗಿ ಹತ್ರ ಅಕ್ಕ. ಅವಳಿಗೂ ಅಲ್ಲಿ ಯಾರಿಲ್ಲ."

"ಹಾಗಾದ್ರೆ ನಾವು?"

ಚೀಲದ ಮುಂದೆ ಕೂತಿದ್ದೆ. ಬಟ್ಟೆ ತುಂಬುವುದೋ ತೆಗೆಯುವುದೋ ತಿಳಿಯಲಿಲ್ಲ. ಸರೋಜಕ್ಕ ಒಳಗೆ ಹೋಗಿ ಹಲಸಿನ ಹಪ್ಪಳದ ಕಟ್ಟು ತಂದು, ಮುಖ ತಿರುಗಿಸಿಕೊಂಡೇ ಚೀಲಕ್ಕೆ ತುರುಕಿದರು.

"ಆ ಹುಡುಗಿಗೂ ಸುಟ್ಟುಕೊಡು. ಖಾರ ತಿಂತಾಳಾ?"